ಕೊರೊನಾ ಲಸಿಕೆಯಿಂದ ಮಕ್ಕಳಾಗುವುದು ತಡವಾಗುತ್ತದೆಯೇ? ಮುಟ್ಟು ಏರುಪೇರಾಗಿದ್ದು ಅದರಿಂದಲೇ?

ಮಕ್ಕಳಾಗುವುದಿಲ್ಲ ಅನ್ನೋದು ಸುಳ್ಳು. ಮುಟ್ಟು ಸ್ವಲ್ಪ ಆಚೀಚೆ ಆಗಿದ್ದು ಮಾತ್ರ ನಿಜ. ಎರಡನ್ನೂ ಸೇರಿಸಿ ಗಂಟು ಹಾಕಿದ್ದೇ ಗೊಂದಲಕ್ಕೆ ಕಾರಣ.

2021ರಲ್ಲಿ ನಮ್ಮ ಶಿರಾ ಕಡೆ ಆಶಾ ಅಕ್ಕ ಲಸಿಕೆಗೆ ಕರೆಯಲು ಬಂದರೆ, ಹೊಸ ಸೊಸೆಯನ್ನು ಅತ್ತೆಯೇ ಒಳಗೆ ಕಳಿಸಿಬಿಡುತ್ತಿದ್ದರು. ಮುಟ್ಟಿಗೆ ಐದು ದಿನ ಹಿಂದೆ ಮುಂದೆ ಸೂಜಿ ಚುಚ್ಚಿಸಿಕೊಳ್ಳಬಾರದು ಅಂತ ವಾಟ್ಸಾಪ್‌ನಲ್ಲಿ ಹರಿದಾಡುತ್ತಿತ್ತು. ಸರ್ಕಾರವೇ ಸುಳ್ಳು ಎಂದಿತು. ಯಾರು ಕೇಳಬೇಕಲ್ವಾ?

ಅಮೆರಿಕದಲ್ಲಿ ಸುಮಾರು 4,000 ಹೆಂಗಸರ ತಿಂಗಳ ಲೆಕ್ಕ ನೋಡಿ 2022ರ ಜನವರಿಯಲ್ಲಿ ಪ್ರಕಟಿಸಿದರು. ಲಸಿಕೆಯ ನಂತರ ಮುಟ್ಟು ತಡವಾಗಿದ್ದು ಸರಾಸರಿ ಒಂದು ದಿನಕ್ಕಿಂತ ಕಡಿಮೆ. ಕೆಲವರಿಗೆ ಸ್ರಾವ ಜಾಸ್ತಿಯಾಗಿದ್ದೂ ಇದೆ. ಫೈಜರ್, ಮಾಡರ್ನಾ ಲಸಿಕೆಗಳ ಅಡ್ಡಪರಿಣಾಮದ ಪಟ್ಟಿಗೆ ಅದನ್ನು ಸೇರಿಸಲು ಯುರೋಪಿನ ಔಷಧ ಸಂಸ್ಥೆ ಸೂಚಿಸಿತು. ನಮ್ಮಲ್ಲಿ ಹೆಚ್ಚಾಗಿ ಹಾಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಅವು ಬೇರೆ ಬಗೆಯವು, ಆ ಸೂಚನೆ ಅವುಗಳ ಬಗ್ಗೆ ಅಲ್ಲ.

ಮಗುವಿಗಾಗಿ ಪ್ರಯತ್ನಿಸುತ್ತಿದ್ದ 2,000ಕ್ಕೂ ಹೆಚ್ಚು ಜೋಡಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ಲಸಿಕೆಯಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಗಂಡನಿಗೆ ಕೋವಿಡ್ ಬಂದಿದ್ದರೆ ಮಾತ್ರ ಎರಡು ತಿಂಗಳ ಮಟ್ಟಿಗೆ ಬಸಿರಾಗುವ ಸಾಧ್ಯತೆ ತಗ್ಗಿತ್ತು. ಸೊಸೆಯ ಕಡೆಗೇ ಬೊಟ್ಟು ಮಾಡುವವರಿಗೆ ಇದನ್ನೂ ಓದಿ ಹೇಳಿ.

ಬಸುರಿಯರಿಗೂ 2021ರ ಜುಲೈನಲ್ಲೇ ಲಸಿಕೆಗೆ ಒಪ್ಪಿಗೆ ಸಿಕ್ಕಿತ್ತು. ಬಸಿರಿನಲ್ಲಿ ಕೋವಿಡ್ ಬಂದರೆ ದಿನ ತುಂಬುವ ಮುಂಚೆ ಹೆರಿಗೆಯಾಗುವ ಅಪಾಯ ಜಾಸ್ತಿ.

ಈಗಲೂ ಮುಟ್ಟು ಸರಿಯಿಲ್ಲದಿದ್ದರೆ ಹಳೇ ಲಸಿಕೆಯನ್ನು ಸುಮ್ನೆ ದೂರಬೇಡಿ. ಥೈರಾಯ್ಡ್, ಪಿಸಿಒಡಿ (ಅಂಡಾಶಯದ ತೊಂದರೆ) ಪರೀಕ್ಷೆ ಮಾಡಿಸಿ. ವರ್ಷವಾದರೂ ಬಸಿರಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಿ.