ಆಪರೇಷನ್‌ಗೆ ಸರ್ಕಾರ ದುಡ್ಡು ಹಾಕಬೇಕಾ? ಬಾಗೇಪಲ್ಲಿಯಿಂದ ಉತ್ತರ

ಮಕ್ಕಳು ಸಾಕು ಅಂತ ಮಾಡಿಸಿಕೊಳ್ಳುವ ಆಪರೇಷನ್‌ಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ. ಹಾಕಲೇಬೇಕು. ಆದರೆ ಹಾಕುವ ರೀತಿ ಬದಲಾಗಬೇಕು.

ನಮ್ಮದು ಆಂಧ್ರಕ್ಕೆ ಅಂಟಿಕೊಂಡ ತಾಲ್ಲೂಕು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆ ಉಂಟು. ಹಿಂದೂಪುರದ ಕಡೆ ಕೊಟ್ಟ ಮಗಳು ಎರಡನೇ ಹೆರಿಗೆಗೂ ತವರಿಗೆ ಬಂದರೆ, "ಇದೇ ಸಲ ಆಪರೇಷನ್ನೂ ಮಾಡಿಸಿಬಿಡೋಣ" ಅನ್ನುತ್ತಾರೆ. ಬಸಿರಿನ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಅಲ್ಲಿಯದು, ಆಸ್ಪತ್ರೆ ಇಲ್ಲಿಯದು. ಕಾಗದಕ್ಕಾಗಿ ಅಲೆಯುವವನು ಹುಡುಗಿಯ ಅಪ್ಪ. ಹೊಲಿಗೆ ಮಾಯುವವರೆಗೆ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿರುತ್ತಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ನೀರಿನ ಬಿಂದಿಗೆ ಎತ್ತುವವಳು ಅವಳೇ. ಕಡಲೆಕಾಯಿ ಕೀಳುವ ಸಮಯದಲ್ಲಿ ಕೂಲಿಯೂ ಹೋಯಿತು. ಸರ್ಕಾರ ಕೊಡುವ ಹಣ ಆ ಕೂಲಿಗೆ. ಅದನ್ನು ಆಮಿಷ ಅನ್ನಬೇಡಿ.

ಗಂಡಸರದ್ದು ಇದಕ್ಕಿಂತ ಎಷ್ಟೋ ಸುಲಭ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಸರ್ಕಾರ ಅವರಿಗೆ ಹಣವನ್ನೂ ಜಾಸ್ತಿ ಕೊಡುತ್ತದೆ. ಆದರೂ ಬರುವವರಿಲ್ಲ. "ದುಡಿಯೋ ಮೈ, ಶಕ್ತಿ ಹೋದರೆ?" ಅನ್ನುತ್ತಾರೆ. ಹೆಂಗಸಿನದು ದುಡಿಯುವ ಮೈ ಅಲ್ವಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 57 ಮಂದಿಗೆ ಈ ಆಪರೇಷನ್ ಆಗಿತ್ತು. ಗಂಡಸರ ಆಪರೇಷನ್ ಇಡೀ ದೇಶದಲ್ಲಿ ಶೇ 0.3.

ಗಂಡಸರ ಭಯಕ್ಕೂ ಕಾರಣ ಇದೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಹೆಚ್ಚಿನವು ಗಂಡಸರಿಗೆ, ಎಷ್ಟೋ ಜನರಿಗೆ ಬಲವಂತದಿಂದ. ಮುಂದೆ ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಅದಕ್ಕೇ ಹೇಳುವುದು, ಎಷ್ಟು ಜನರಿಗೆ ಆಪರೇಷನ್ ಮಾಡಿದಿರಿ ಅನ್ನುವ ತಲೆ ಎಣಿಕೆಗೆ ದುಡ್ಡು ಹೋಗಬಾರದು. ಒಳ್ಳೆಯ ಡಾಕ್ಟರು, ಹಾಸಿಗೆ, ಆಮೇಲಿನ ಆರೈಕೆಗೆ ಹೋಗಲಿ. ಕಾಪರ್-ಟಿ, ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ "ಅಂತರ" ಅನ್ನುವ ಚುಚ್ಚುಮದ್ದು ಕೂಡ ಇವೆ ಅಂತ ಮೊದಲೇ ಕೂತು ಹೇಳುವ ನರ್ಸಮ್ಮನಿಗೆ ಹೋಗಲಿ.

ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿರಲಿಲ್ಲ. 2024ರಲ್ಲಿ ಆ ನಿಯಮ ತೆಗೆದರು. ಈಗ ಮಕ್ಕಳು ಜಾಸ್ತಿ ಬೇಕು ಅನ್ನುವ ಮಾತು ಶುರುವಾಗಿದೆ. ನಾಳೆ ಇದೇ ನೆಪದಲ್ಲಿ ಆಪರೇಷನ್‌ಗೆ ದುಡ್ಡು ನಿಲ್ಲಿಸಿದರೆ, ಮೂರನೇ ಬಸಿರು ಬೇಡ ಅನ್ನುವ ನಮ್ಮ ಕೂಲಿ ಹೆಂಗಸು ಸಾಲ ಮಾಡಿ ಖಾಸಗಿ ನರ್ಸಿಂಗ್ ಹೋಮ್‌ಗೆ ಹೋಗಬೇಕಾಗುತ್ತದೆ.