ಫ್ಲಟರ್‌ನಲ್ಲಿ ಒಂದೇ ಕಾರ್ಡನ್ನು ಹಲವು ಪರದೆಗಳಲ್ಲಿ ಬಳಸುವುದು ಹೇಗೆ?

ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಾಧನದಲ್ಲಿ ಬರೆದ ಬ್ಯಾಡಗಿ ಮೆಣಸಿನಕಾಯಿ ದರದ ಆ್ಯಪ್‌ನಲ್ಲಿ ಒಂದೇ ಕಾರ್ಡನ್ನು (ದರ ತೋರಿಸುವ ಚೌಕಟ್ಟು) ಮೂರು ಪರದೆಗಳಿಗೆ ಕಾಪಿ ಮಾಡಿದ್ದೀರಿ, ಬಣ್ಣ ಬದಲಿಸಿದಾಗ ಎಲ್ಲೋ ಒಂದು ಕಡೆ ಹಳೆಯದೇ ಉಳಿಯುತ್ತದೆ ಅಂದಿದ್ದೀರಿ. ಕಾರ್ಡನ್ನು ಬೇರೆ ಫೈಲಿನಲ್ಲಿ ಒಂದು ಸ್ಟೇಟ್‌ಲೆಸ್ ವಿಜೆಟ್ (ಕೊಟ್ಟ ಮಾಹಿತಿಯನ್ನಷ್ಟೇ ತೋರಿಸುವ, ತಾನಾಗಿ ಬದಲಾಗದ ಪರದೆಯ ಭಾಗ) ಮಾಡಿ. ತಳಿ (ಡಬ್ಬಿ, ಕಡ್ಡಿ), ದರ, ಒತ್ತಿದಾಗ ನಡೆಯಬೇಕಾದ ಫಂಕ್ಷನ್, ಇಷ್ಟನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ವಿಜೆಟ್ ಸೃಷ್ಟಿಸುವಾಗ ಮಾಹಿತಿ ಕೊಡುವ ಜಾಗ) ಕೊಡಿ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ: ಕಾರ್ಡ್ ತಾನೇ ಸರ್ವರಿನಿಂದ ದರ ತರಬಾರದು, ಮುಂದಿನ ಪರದೆಯನ್ನೂ ತಾನೇ ತೆರೆಯಬಾರದು. ಅದೆಲ್ಲ ಪರದೆಯ ಕೆಲಸ. ಇಲ್ಲದಿದ್ದರೆ ನಾಳೆ ಹುಬ್ಬಳ್ಳಿ ಎಪಿಎಂಸಿಯ ಉಳ್ಳಾಗಡ್ಡಿ ದರಕ್ಕೆ ಇನ್ನೊಂದು ಕಾರ್ಡ್ ಬರೆಯಬೇಕಾಗುತ್ತದೆ.

ಬಣ್ಣ, ಫಾಂಟ್ ಇಡೀ ಆ್ಯಪ್‌ಗೆ ಒಂದೇ ಕಡೆ ಬರೆದಿಡುವ ಥೀಮ್‌ನಿಂದ ಬರಲಿ. ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯಲ್ಲಿ ಗಾತ್ರ ಅಳೆಯುವ ಮಾನ) ಇರಲಿ. ಕಾರ್ಡಿನ ಎತ್ತರವನ್ನು ಮಾತ್ರ ದಯವಿಟ್ಟು ನಿಗದಿ ಮಾಡಬೇಡಿ. ರೈತರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಕನ್ನಡದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ.