ಪ್ರತಿಕ್ರಿಯೆ: ಸ್ವತಂತ್ರ ಮತದಾರರಿಗೆ ಇಷ್ಟೊಂದು ಮಹತ್ವವೇಕೆ?

ಅಮೆರಿಕದಲ್ಲಿ ಸ್ವತಂತ್ರರೆಂದು ಹೇಳಿಕೊಳ್ಳುವ ಮತದಾರರಲ್ಲಿ ಬಹುತೇಕರು ಕೊನೆಗೆ ಯಾವುದಾದರೊಂದು ಪಕ್ಷದತ್ತಲೇ ವಾಲುವುದಾದರೆ, ಅವರಿಗೆ ಇಷ್ಟು ಮಹತ್ವವೇಕೆ ಎಂದು ಕೇಳಿದ್ದೀರಿ. ವಾಲುವುದು ನಿಜ, ಆದರೆ ಹಾಗೆ ವಾಲದೆ ಉಳಿಯುವ ಸಣ್ಣ ಗುಂಪೇ ಫಲಿತಾಂಶವನ್ನು ತಿರುಗಿಸಬಲ್ಲದು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜೋ ಬೈಡನ್ ದೇಶದಾದ್ಯಂತ 70 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ, ಅರಿಜೋನಾ, ಜಾರ್ಜಿಯಾ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಅವರಿಗೆ ದೊರೆತ ಅಂತರವನ್ನೆಲ್ಲ ಕೂಡಿಸಿದರೆ 43,000 ಮತಗಳೂ ಆಗುವುದಿಲ್ಲ. ಆ ಮೂರೂ ಕೈತಪ್ಪಿದ್ದರೆ ಎಲೆಕ್ಟೋರಲ್ ಕಾಲೇಜಿನಲ್ಲಿ, ಅಂದರೆ ರಾಜ್ಯವಾರು ಪ್ರತಿನಿಧಿಗಳ ಮತದಿಂದ ಅಧ್ಯಕ್ಷರನ್ನು ಆರಿಸುವ ವ್ಯವಸ್ಥೆಯಲ್ಲಿ, ಬೈಡನ್ ಮತ್ತು ಟ್ರಂಪ್ ಇಬ್ಬರೂ 269ಕ್ಕೆ ಸಮನಾಗಿ ನಿಲ್ಲುತ್ತಿದ್ದರು.

ಇನ್ನೂ ಸ್ಪಷ್ಟವಾದ ನಿದರ್ಶನವೆಂದರೆ 2022ರ ಜಾರ್ಜಿಯಾ. ನವೆಂಬರಿನ ಒಂದೇ ಮತಪತ್ರದಲ್ಲಿ ರಿಪಬ್ಲಿಕನ್ ಗವರ್ನರ್ ಬ್ರಯಾನ್ ಕೆಂಪ್ ನಿರಾಯಾಸವಾಗಿ ಗೆದ್ದರೆ, ಅದೇ ಪಕ್ಷದ ಸೆನೆಟ್ ಅಭ್ಯರ್ಥಿ ಹರ್ಷೆಲ್ ವಾಕರ್ ಅವರಿಗೆ ಕೆಂಪ್‌ಗಿಂತ ಸುಮಾರು 2 ಲಕ್ಷ ಮತಗಳು ಕಡಿಮೆ ಬಿದ್ದವು. ಸೆನೆಟ್ ಸ್ಪರ್ಧೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಸಿಗದೆ ಡಿಸೆಂಬರಿನಲ್ಲಿ ನಡೆದ ಎರಡನೇ ಸುತ್ತಿನಲ್ಲಿ ವಾಕರ್ ಸೋತರು. ಪಕ್ಷವನ್ನಲ್ಲದೆ ವ್ಯಕ್ತಿಯನ್ನು ತೂಗಿ ನೋಡುವ ಮತದಾರರ ಕೈವಾಡ ಇಲ್ಲಿ ಎದ್ದು ಕಾಣುತ್ತದೆ.

ಒಂದು ಮಾತು: ಸ್ವತಂತ್ರರೆಲ್ಲರೂ ಮಧ್ಯಮಮಾರ್ಗಿಗಳೆಂದು ಭಾವಿಸಬೇಡಿ, ಎರಡೂ ಪಕ್ಷಗಳಿಗಿಂತ ಉಗ್ರ ನಿಲುವಿನವರೂ ಅವರಲ್ಲಿದ್ದಾರೆ. ಇನ್ನು ಪೆನ್ಸಿಲ್ವೇನಿಯಾದಂತಹ ರಾಜ್ಯದಲ್ಲಿ, ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳದವರಿಗೆ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮತವೇ ಇಲ್ಲ. ಅಂತಿಮ ತೀರ್ಪು ಕೊಡುವವರನ್ನೇ ಮೊದಲ ಸುತ್ತಿನಲ್ಲಿ ಹೊರಗಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.